ಕಿತ್ತಳೆ ಹುಳಕ್ಕೆ ರೋಗ ಹತ್ತೋದು ಯಾವಾಗ, ಅದನ್ನು ಅಳೆಯೋದು ಹೇಗೆ?

ಹೂಮಳೆ ಬಿದ್ದು ಎರಡು ವಾರ ಆಗಿತ್ತು. ಕೊಡಗಿನ ಸುಂಟಿಕೊಪ್ಪದ ಹತ್ತಿರ ಇರುವ ನಮ್ಮ ತೋಟದಲ್ಲಿ ಕಾಫಿ ಹೂ ಉದುರಿ, ನಡುವೆ ನಿಂತ ಕಿತ್ತಳೆ ಮರಗಳು ಚಿಗುರಿದ್ದವು. ಒಂದು ಮರದ ಎಲೆ ಮಾತ್ರ ಸರಿ ಇರಲಿಲ್ಲ. ನಡುನರದ ಒಂದು ಬದಿಯಲ್ಲಿ ಹಳದಿ ಮಚ್ಚೆ, ಇನ್ನೊಂದು ಬದಿ ಹಸಿರು, ಎರಡಕ್ಕೂ ತಾಳಮೇಳವೇ ಇಲ್ಲ. ರೋಗದ ಅನುಮಾನ ಬಂದು ನಾಲ್ಕು ಎಲೆ ಕಿತ್ತು ಪರೀಕ್ಷೆಗೆ ಕಳಿಸಿದೆ. ನೆಗೆಟಿವ್ ಅಂತ ಬಂತು. ಅದೇ ವಾರ ಪಕ್ಕದ ತೋಟದವರು ಎಲೆ ಬಿಟ್ಟು, ಆ ರೋಗ ಹರಡುವ ಹುಳ ಹಿಡಿದು ಕಳಿಸಿದ್ದರು, ಹತ್ತು ಹುಳ, ಒಂದೇ ಸೀಸೆಯಲ್ಲಿ. ಅವರಿಗೆ ಪಾಸಿಟಿವ್.

"ನಿಮ್ಮ ಮರದಲ್ಲಿ ಇಲ್ಲ, ನನ್ನ ಮರದ ಎಲೆ ಎಲ್ಲಾ ಚೆನ್ನಾಗೇ ಇದೆ, ಹಾಗಾದ್ರೆ ಹುಳಕ್ಕೆ ಎಲ್ಲಿಂದ ಬಂತು ಮಾರಾಯ?" ಅಂತ ಅವರು ಬೇಲಿ ಹತ್ತಿರ ನಿಂತು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಓದುತ್ತಾ ಹೋದಾಗ ಗೊತ್ತಾಯಿತು, ಇಬ್ಬರ ವರದಿಯೂ ಸರಿ ಇರಬಹುದು. ನಾವು ಅದನ್ನು ಓದಿದ ರೀತಿಯೇ ತಪ್ಪು.

ರೋಗದ ಹೆಸರು ಗ್ರೀನಿಂಗ್. ಚೀನಾದವರು ಹುವಾಂಗ್‌ಲಾಂಗ್‌ಬಿಂಗ್ ಅನ್ನುತ್ತಾರೆ. ಹಣ್ಣು ಸಣ್ಣದಾಗಿ, ಓರೆಯಾಗಿ ಬೆಳೆಯುತ್ತದೆ. ತುದಿ ಹಸಿರಾಗೇ ಉಳಿಯುತ್ತದೆ, ರಸ ಕಹಿ. ಕಾರಣ ಒಂದು ಬ್ಯಾಕ್ಟೀರಿಯಾ. ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿನವರೆಗೆ ಹರಿದು ಹೋಗುವ ನಾಳ ಇದೆಯಲ್ಲ, ಗಿಡದಲ್ಲಿ ಅದರೊಳಗೆ ಮಾತ್ರ ಇದು ಬದುಕುತ್ತದೆ. ಹೆಸರು ಕ್ಯಾಂಡಿಡೇಟಸ್ ಲಿಬೆರಿಬ್ಯಾಕ್ಟರ್ ಏಷ್ಯಾಟಿಕಸ್. ಕ್ಯಾಂಡಿಡೇಟಸ್ ಅಂದ್ರೆ ಅಭ್ಯರ್ಥಿ. ಬೇರೆ ಬ್ಯಾಕ್ಟೀರಿಯಾಗಳ ಹಾಗೆ ಇದನ್ನು ಗಾಜಿನ ತಟ್ಟೆಯಲ್ಲಿ ಒಂದೇ ಜಾತಿಯಾಗಿ ಬೆಳೆಸಿ ಇಟ್ಟುಕೊಳ್ಳಲು ಆಗದ್ದರಿಂದ ಹೆಸರಿನ ಮುಂದೆ ಈ ಬಾಲ ಹಾಗೇ ಉಳಿದಿದೆ. ಊರೂರು ಹಾಳು ಮಾಡಿದ ಮೇಲೂ ಇನ್ನೂ ಅಭ್ಯರ್ಥಿ!

ತಮಾಷೆ ಬಿಡಿ, ಮುಂದಿನ ತೊಂದರೆಗಳೆಲ್ಲ ಶುರುವಾಗೋದು ಇಲ್ಲಿಂದಲೇ. ಬೆಳೆಸಲು ಆಗದ ಬ್ಯಾಕ್ಟೀರಿಯಾವನ್ನು ಇಷ್ಟು ಅಂತ ಅಳೆದು ಹುಳಕ್ಕೆ ತಿನ್ನಿಸಲು ಆಗುವುದಿಲ್ಲ. ರೋಗದ ಗಿಡದ ಮೇಲೆ ಹುಳ ಬಿಟ್ಟು, ಎಷ್ಟು ಕುಡಿಯಿತು ಅಂತ ಆಮೇಲೆ ಹುಡುಕಬೇಕು.

ಹುಳದ ಹೆಸರು ಸಿಲ್ಲಾ. 3-4 ಮಿಲಿಮೀಟರ್ ಉದ್ದ, ಕಂದು ಬಣ್ಣ. ತಲೆ ತಗ್ಗಿಸಿ ಹಿಂಭಾಗ ಎತ್ತಿ 45 ಡಿಗ್ರಿ ಕೋನದಲ್ಲಿ ಕೂರುತ್ತದೆ, ಒಮ್ಮೆ ನೋಡಿದರೆ ಮರೆಯೋದಿಲ್ಲ. ಮೊಟ್ಟೆ ಇಡೋದು ಎಳೆ ಚಿಗುರಿನಲ್ಲಿ ಮಾತ್ರ. ಮರಿಗಳು ಚಪ್ಪಟೆ, ಅವುಗಳ ಹಿಂದೆ ಬಿಳಿ ಮೇಣದ ದಾರ ಸುರುಳಿ ಸುರುಳಿಯಾಗಿ ನೇತಾಡುತ್ತಿರುತ್ತದೆ. ಭಾರತದಲ್ಲಿ ಗ್ರೀನಿಂಗ್ ಹರಡುವುದು ಈ ಹುಳದಿಂದ ಅಂತ 1967ರಲ್ಲಿ ಕಪೂರ್ ಮತ್ತು ಜೊತೆಗಾರರು ತೋರಿಸಿದರು. ಕಸಿ ಕಡ್ಡಿಯಿಂದಲೂ ಹರಡುತ್ತದೆ, ಅದು ಇನ್ನೊಂದು ದೊಡ್ಡ ಕಥೆ, ನರ್ಸರಿಯವರ ಜೊತೆ ಜಗಳ ಆಡುವಾಗ ಬರೆಯುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೊಡಗಿನ ಕಿತ್ತಳೆ ಕಡಿಮೆಯಾಗಿದ್ದಕ್ಕೆ ಈ ಹುಳವೊಂದೇ ಕಾರಣ ಅಲ್ಲ. ಬೇರು ಕೊಳೆ ಇದೆ, ಟ್ರಿಸ್ಟೆಜಾ ವೈರಸ್ ಇದೆ, ಕಾಂಡ ಕೊರೆಯುವ ಹುಳ ಇದೆ, ಕಾಫಿಗೆ ಬೆಲೆ ಬಂದಾಗ ಕಿತ್ತಳೆಗೆ ಒಂದು ಬುಟ್ಟಿ ಗೊಬ್ಬರವನ್ನೂ ಹಾಕದ ನಾವೂ ಇದ್ದೇವೆ. ಸತು ಕಡಿಮೆಯಾದರೂ ಎಲೆ ಹಳದಿಯಾಗುತ್ತದೆ. ಆದರೆ ಆ ಹಳದಿ ನಡುನರದ ಎರಡೂ ಬದಿಗೆ ಒಂದೇ ಥರ ಇರುತ್ತದೆ, ಗ್ರೀನಿಂಗ್‌ನಲ್ಲಿ ಎರಡು ಬದಿ ಹೊಂದುವುದಿಲ್ಲ.

ಈಗ ಅಳತೆಗೆ ಬರೋಣ. ಏಲಕ್ಕಿ ಬೆಳೆದವರಿಗೆ ಕಟ್ಟೆ ರೋಗ ಗೊತ್ತು. ಅದು ವೈರಸ್. ಗಿಡಹೇನು ರೋಗದ ಗಿಡದಲ್ಲಿ ಕೆಲವು ನಿಮಿಷ ಮೂತಿ ಚುಚ್ಚಿದರೆ ಸಾಕು, ಪಕ್ಕದ ಗಿಡಕ್ಕೆ ಹಾರಿ ಅಂಟಿಸಿಬಿಡುತ್ತದೆ. ಶುಂಠಿಯ ಬ್ಯಾಕ್ಟೀರಿಯಾ ಬಾಡು ರೋಗಕ್ಕೆ ಹುಳವೇ ಬೇಡ, ಮಣ್ಣು, ನೀರು, ಬಿತ್ತನೆ ಗೆಡ್ಡೆ ಸಾಕು. ಗ್ರೀನಿಂಗ್ ಇವೆರಡರ ಹಾಗೂ ಅಲ್ಲ. ಬ್ಯಾಕ್ಟೀರಿಯಾ ಹುಳದ ಬಾಯಿಂದ ಕರುಳಿಗೆ ಹೋಗಬೇಕು, ಕರುಳಿನ ಗೋಡೆ ದಾಟಿ ಮೈಯೊಳಗಿನ ದ್ರವಕ್ಕೆ ಬರಬೇಕು, ಅಲ್ಲಿಂದ ಜೊಲ್ಲಿನ ಗ್ರಂಥಿಗೆ ಹೋಗಬೇಕು, ಆಮೇಲೆ ಹುಳ ಇನ್ನೊಂದು ಗಿಡಕ್ಕೆ ಮೂತಿ ಚುಚ್ಚಿದಾಗ ಜೊಲ್ಲಿನ ಜೊತೆ ಹೊರಗೆ ಬರಬೇಕು. ಕುಶಾಲನಗರದಿಂದ ಮಡಿಕೇರಿಗೆ ಬಸ್ ಹತ್ತಿದವರೆಲ್ಲ ಮಡಿಕೇರಿಯಲ್ಲೇ ಇಳಿಯೋದಿಲ್ಲ, ಅಲ್ವಾ? ಗುಡ್ಡೆಹೊಸೂರಲ್ಲಿ ಒಬ್ಬರು, ಸುಂಟಿಕೊಪ್ಪದಲ್ಲಿ ನಾಲ್ಕು ಜನ ಇಳಿದುಬಿಡುತ್ತಾರೆ. ಹುಳದೊಳಗೂ ಹಾಗೇ. ಕರುಳಿನಲ್ಲಿ ಬ್ಯಾಕ್ಟೀರಿಯಾ ಇದ್ದು ಜೊಲ್ಲಿನ ಗ್ರಂಥಿಯಲ್ಲಿ ಇಲ್ಲದ ಹುಳಗಳು ಸಿಗುತ್ತವೆ. ಹುಳ ಬಿಡಿಸಿ, ಕರುಳು ಬೇರೆ ಗ್ರಂಥಿ ಬೇರೆ ಮಾಡಿ ನೋಡಿದವರು ಇದನ್ನು ತೋರಿಸಿದ್ದಾರೆ. 3 ಮಿಲಿಮೀಟರ್ ಹುಳವನ್ನು ಬಿಡಿಸೋ ತಾಳ್ಮೆ ಯಾರಿಗಿದೆಯೋ, ನನಗಂತೂ ಇಲ್ಲ.

ಹಾಗಾಗಿ "ಹುಳಕ್ಕೆ ರೋಗ ಹತ್ತಿದೆಯಾ" ಅನ್ನೋದು ಒಂದು ಪ್ರಶ್ನೆ ಅಲ್ಲ, ಮೂರು. ಹುಳ ಕುಡಿಯಿತಾ? ಕುಡಿದದ್ದು ಒಳಗೆ ಉಳಿದು ಹೆಚ್ಚಿತಾ? ಹೊರಗೆ ಬಿಡುವ ಜಾಗಕ್ಕೆ ತಲುಪಿತಾ? ನಮ್ಮ ಕೈಗೆ ಬರುವ ವರದಿ ಉತ್ತರ ಕೊಡೋದು ಸಾಮಾನ್ಯವಾಗಿ ಮೊದಲನೆಯದಕ್ಕೆ ಮಾತ್ರ.

ಪ್ರಯೋಗ ಹೀಗೆ ನಡೆಯುತ್ತದೆ. ಮೊದಲು ರೋಗ ಇಲ್ಲದ ಹುಳ ಬೇಕು. ಅದಕ್ಕೆ ಎಷ್ಟೋ ಪ್ರಯೋಗಾಲಯಗಳು ಬಳಸೋದು ಏನು ಗೊತ್ತಾ? ಕರಿಬೇವು! ಕರಿಬೇವಿನ ಮೇಲೆ ಸಿಲ್ಲಾ ಸುಖವಾಗಿ ಮರಿ ಮಾಡುತ್ತದೆ, ಆದರೆ ಆ ಗಿಡದೊಳಗೆ ಈ ಬ್ಯಾಕ್ಟೀರಿಯಾ ಬೇರೂರುವುದಿಲ್ಲ. ತಲೆಮಾರುಗಟ್ಟಲೆ ಕರಿಬೇವಿನಲ್ಲಿ ಸಾಕಿದ ಹುಳ, ರೋಗದ ಲೆಕ್ಕದಲ್ಲಿ, ಶುದ್ಧ. ಆದರೂ ನಡುನಡುವೆ ನಾಲ್ಕು ಹುಳ ತೆಗೆದು ಪರೀಕ್ಷೆ ಮಾಡುತ್ತಲೇ ಇರಬೇಕು.

ಆಮೇಲೆ ರೋಗದ ಗಿಡ. ಕಸಿ ಕಟ್ಟಿ ರೋಗ ಹತ್ತಿಸಿದ ಗಿಡಗಳನ್ನು ಬಲೆಮನೆಯಲ್ಲಿ ಇಟ್ಟಿರುತ್ತಾರೆ. ನನ್ನ ನೆಗೆಟಿವ್ ವರದಿಯ ಗುಟ್ಟು ಇಲ್ಲೇ ಇದೆ. ಈ ಬ್ಯಾಕ್ಟೀರಿಯಾ ಮರದ ತುಂಬ ಒಂದೇ ಸಮ ಇರೋದಿಲ್ಲ. ಒಂದು ಕೊಂಬೆಯಲ್ಲಿ ಕೋಟಿಗಟ್ಟಲೆ ಇದ್ದರೆ ಪಕ್ಕದ ಕೊಂಬೆಯಲ್ಲಿ ಏನೂ ಸಿಗದೆ ಇರಬಹುದು. 25 ಅಡಿ ಮರದಿಂದ ಕೈಗೆ ಎಟುಕಿದ ನಾಲ್ಕು ಎಲೆ ಕಿತ್ತು ಕಳಿಸಿದ್ದೆ ನಾನು. ಹಾಗಾಗಿ ಪ್ರಯೋಗದಲ್ಲಿ ಗಿಡ ಪಾಸಿಟಿವ್ ಅಂದರೆ ಸಾಲದು, ಹುಳ ಕೂತು ಹೀರಿದ ಆ ಚಿಗುರಿನಲ್ಲೇ ಎಷ್ಟಿತ್ತು ಅಂತ ನೋಡಬೇಕು. ಇಲ್ಲದಿದ್ದರೆ ಖಾಲಿ ಕೊಂಬೆಯಲ್ಲಿ ಕೂತ ಹುಳವನ್ನು "ಇದಕ್ಕೆ ರೋಗ ಹತ್ತಲಿಲ್ಲ" ಅಂತ ಬರೆದುಬಿಡುತ್ತೇವೆ. ಊಟವೇ ಬಡಿಸದೆ ಹಸಿವಿಲ್ಲ ಅಂದ ಹಾಗೆ.

ಗಿಡದ ಕೊಂಬೆಗೆ ಬಟ್ಟೆ ಚೀಲ ಕಟ್ಟಿ ಹುಳ ಒಳಗೆ ಬಿಡುತ್ತಾರೆ. ಕೆಲವಕ್ಕೆ ಒಂದು ಗಂಟೆ, ಕೆಲವಕ್ಕೆ ಒಂದು ದಿನ, ಕೆಲವಕ್ಕೆ ವಾರಗಟ್ಟಲೆ. ಇದು ಹುಳಕ್ಕೆ ಕೊಟ್ಟ ಅವಕಾಶದ ಹೊತ್ತು ಅಷ್ಟೇ, ಅದು ನಿಜವಾಗಿ ಕುಡಿದ ಹೊತ್ತಲ್ಲ. ಹುಳ ಚಿಗುರಿನ ಮೇಲೆ ಸುಮ್ನೆ ಕೂತಿರಬಹುದು, ಮೂತಿ ಚುಚ್ಚಿ ಸಕ್ಕರೆಯ ನಾಳಕ್ಕೆ ತಲುಪದೇ ಇರಬಹುದು, ನೀರಿನ ನಾಳದಿಂದ ಬರೀ ನೀರು ಕುಡಿದಿರಬಹುದು. ಇದನ್ನು ಹಿಡಿಯಲು ಒಂದು ಚಂದದ ಉಪಾಯ ಇದೆ. ಹುಳದ ಬೆನ್ನಿಗೆ ಕೂದಲಿಗಿಂತ ಸಣ್ಣ ಚಿನ್ನದ ತಂತಿಯನ್ನು ಬೆಳ್ಳಿ ಅಂಟಿನಿಂದ ಅಂಟಿಸುತ್ತಾರೆ, ಇನ್ನೊಂದು ತಂತಿಯನ್ನು ಕುಂಡದ ಮಣ್ಣಿಗೆ ಚುಚ್ಚಿ, ಸಣ್ಣದೊಂದು ವಿದ್ಯುತ್ ಹರಿಸುತ್ತಾರೆ. ಹುಳ ಮೂತಿ ಇಳಿಸಿದ ಕೂಡಲೇ ಸರ್ಕ್ಯೂಟ್ ಪೂರ್ತಿಯಾಗುತ್ತದೆ, ಪರದೆಯ ಮೇಲೆ ಗೆರೆ ಕುಣಿಯುತ್ತದೆ. ಜೊಲ್ಲು ಬಿಡುವಾಗ ಒಂದು ಥರ, ಸಕ್ಕರೆ ನಾಳದಿಂದ ಹೀರುವಾಗ ಇನ್ನೊಂದು ಥರ, ನೀರು ಕುಡಿಯುವಾಗ ಮತ್ತೊಂದು ಥರ. ಇಸಿಜಿ ನೋಡಿ ಡಾಕ್ಟರು ಹೃದಯದ ಕಥೆ ಹೇಳಿದ ಹಾಗೆ. ಈ ಸಿಲ್ಲಾದ ಗೆರೆಗಳನ್ನು 2010ರಲ್ಲಿ ಬಿಡಿಸಿ ವಿವರಿಸಿದ್ದಾರೆ. ಬ್ಯಾಕ್ಟೀರಿಯಾ ಇರೋದು ಸಕ್ಕರೆ ನಾಳದಲ್ಲಿ ಮಾತ್ರ, ಹಾಗಾಗಿ ಲೆಕ್ಕಕ್ಕೆ ಬರೋದು ಆ ಗೆರೆ ಎಷ್ಟು ಹೊತ್ತು ಇತ್ತು ಅನ್ನೋದು.

ಹೀರಿ ಮುಗಿದ ತಕ್ಷಣ ಹುಳ ಅರೆದು ಪರೀಕ್ಷೆ ಮಾಡಿದರೂ ಮೋಸ ಹೋಗುತ್ತೇವೆ. ಹೊಟ್ಟೆಯಲ್ಲಿ ಇನ್ನೂ ಕುಡಿದ ರಸ ಇರುತ್ತದೆ, ರಸದಲ್ಲಿ ಬ್ಯಾಕ್ಟೀರಿಯಾ ಇರುತ್ತದೆ, ಯಂತ್ರ ಪಾಸಿಟಿವ್ ಅನ್ನುತ್ತದೆ. ಪುತ್ತರಿ ಹಬ್ಬದ ಊಟ ಮಾಡಿ ಬಂದವನ ಹೊಟ್ಟೆಯಲ್ಲಿ ಹಂದಿ ಕರಿ ಇದೆ ಅಂತ ಅವನನ್ನೇ ಹಂದಿ ಅನ್ನೋಕ್ಕಾಗುತ್ತದಾ? ಅದಕ್ಕೇ ಹುಳವನ್ನು ಒಳ್ಳೆ ಗಿಡಕ್ಕೆ ವರ್ಗಾಯಿಸಿ ದಿನಗಟ್ಟಲೆ ಇಟ್ಟು, ಹಳೇ ರಸ ಹೊರಗೆ ಹೋದ ಮೇಲೆ ನೋಡಬೇಕು. ಆಗಲೂ ಇದ್ದರೆ, ಮೊದಲಿಗಿಂತ ಜಾಸ್ತಿ ಆಗಿದ್ದರೆ, ಅದು ಹುಳದೊಳಗೆ ಮನೆ ಮಾಡಿದೆ ಅಂತ ಅರ್ಥ.

ಪರೀಕ್ಷೆ ಅಂದರೆ ಪಿಸಿಆರ್. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲೂ ಇದ್ದ ಸಿಟಿ ವ್ಯಾಲ್ಯೂ ನೆನಪಿದೆಯಾ, ಇಲ್ಲೂ ಅದೇ. ಯಂತ್ರ ಪ್ರತಿ ಸುತ್ತಿನಲ್ಲೂ ಬ್ಯಾಕ್ಟೀರಿಯಾದ ಡಿಎನ್‌ಎ ತುಣುಕನ್ನು ಎರಡು ಪಟ್ಟು ಮಾಡುತ್ತಾ ಹೋಗುತ್ತದೆ, ಎಷ್ಟನೇ ಸುತ್ತಿಗೆ ಕಣ್ಣಿಗೆ ಬಿತ್ತು ಅನ್ನೋದೇ ಆ ಸಂಖ್ಯೆ. ಸಂಖ್ಯೆ ಕಡಿಮೆ ಇದ್ದಷ್ಟೂ ರೋಗ ಜಾಸ್ತಿ. ಸುಮಾರು 3.3 ಸುತ್ತಿನ ವ್ಯತ್ಯಾಸ ಅಂದರೆ ಹತ್ತು ಪಟ್ಟು. 36ನ್ನು ಗಡಿ ಅಂತ ಇಟ್ಟುಕೊಂಡರೆ 35.8 ಬಂದ ಹುಳ ಪಾಸಿಟಿವ್, 36.2 ಬಂದದ್ದು ನೆಗೆಟಿವ್. ನಿಜ ಹೇಳಬೇಕೆಂದರೆ ಈ ಎರಡು ಹುಳಗಳಲ್ಲಿ ಏನೂ ವ್ಯತ್ಯಾಸ ಇಲ್ಲ. ಆದರೆ ವರದಿಯಲ್ಲಿ ಒಂದಕ್ಕೆ ಕೆಂಪು ಅಕ್ಷರ, ಇನ್ನೊಂದಕ್ಕೆ ಹಸಿರು. ಸಾಲದ್ದಕ್ಕೆ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಕೂಡ ಯಂತ್ರಕ್ಕೆ ಒಂದೇ. ಹಾಗೇ ಹುಳದ ಸ್ವಂತ ಜೀನ್ ಒಂದನ್ನೂ ಜೊತೆಗೇ ಅಳೆಯಬೇಕು. ಅದೂ ಸಿಗಲಿಲ್ಲ ಅಂದರೆ ಡಿಎನ್‌ಎ ತೆಗೆಯುವುದರಲ್ಲೇ ಎಡವಟ್ಟಾಗಿದೆ, ನೆಗೆಟಿವ್ ಅನ್ನೋ ಉತ್ತರಕ್ಕೆ ಬೆಲೆ ಇಲ್ಲ.

ಇನ್ನು ಪಕ್ಕದ ತೋಟದವರ ಹತ್ತು ಹುಳದ ಸೀಸೆ. ಖರ್ಚು ಉಳಿಸಲು ಹತ್ತು ಹುಳ ಒಟ್ಟಿಗೆ ಅರೆಯೋದು ಎಲ್ಲಾ ಕಡೆ ಇರುವ ಪದ್ಧತಿ, ತಪ್ಪಲ್ಲ. ಆದರೆ ಅದು ಪಾಸಿಟಿವ್ ಬಂದರೆ ಹತ್ತರಲ್ಲಿ ಕನಿಷ್ಠ ಒಂದರಲ್ಲಿ ರೋಗ ಇದೆ ಅಂತ ಮಾತ್ರ ಅರ್ಥ. ಒಂದು ಲೆಕ್ಕ ಮಾಡಿ ನೋಡೋಣ. ಹತ್ತು ಹತ್ತು ಹುಳದ 20 ಸೀಸೆ, ಅದರಲ್ಲಿ 5 ಪಾಸಿಟಿವ್ ಅಂತ ಇಟ್ಟುಕೊಳ್ಳಿ. "ನೂರಕ್ಕೆ 25 ಹುಳದಲ್ಲಿ ರೋಗ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನೆಗೆಟಿವ್ ಬಂದ ಪಾಲು 0.75. ಒಂದು ಸೀಸೆ ನೆಗೆಟಿವ್ ಆಗಬೇಕಾದರೆ ಹತ್ತಕ್ಕೆ ಹತ್ತೂ ಹುಳ ಶುದ್ಧ ಇರಬೇಕು, ಹಾಗಾಗಿ 0.75ರ ಹತ್ತನೇ ಮೂಲ ತೆಗೆಯಬೇಕು, ಅದು ಸುಮಾರು 0.972. ಅಂದರೆ ನೂರಕ್ಕೆ ಮೂರೂ ಇಲ್ಲ! ಉಲ್ಟಾ ಕೂಡ ನೋಡಿ. ತೋಟದಲ್ಲಿ ನೂರಕ್ಕೆ 10 ಹುಳದಲ್ಲಿ ರೋಗ ಇದ್ದರೂ, ಬರೀ 10 ಹುಳ ಹಿಡಿದರೆ ಒಂದೂ ರೋಗದ್ದು ಸಿಗದೇ ಇರುವ ಸಾಧ್ಯತೆ ನೂರಕ್ಕೆ 35ರಷ್ಟು. ಒಂದು ಸೀಸೆ ಇಟ್ಟುಕೊಂಡು ಹೆದರೋದೂ ದಂಡ, ನೆಮ್ಮದಿಯಾಗಿ ಮಲಗೋದೂ ದಂಡ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ವಿಷಯ, ಹುಳದ ವಯಸ್ಸು. ಫ್ಲಾರಿಡಾದಿಂದ 2010ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ರೋಗದ ಗಿಡದ ಮೇಲೆ ಮರಿಯಾಗಿ ಬೆಳೆದ ಹುಳಗಳಲ್ಲಿ ನೂರಕ್ಕೆ 60ರಿಂದ 100ರಷ್ಟು ಪಾಸಿಟಿವ್ ಬಂದವು. ದೊಡ್ಡದಾದ ಮೇಲೆ ರೋಗದ ಗಿಡಕ್ಕೆ ಬಿಟ್ಟ ಹುಳಗಳಲ್ಲಿ ಸುಮಾರು 40. ತಾಯಿಂದ ಮೊಟ್ಟೆಗೆ ಹೋಗೋದು ತೀರಾ ಕಡಿಮೆ, ನೂರಕ್ಕೆ 2ರಿಂದ 6. ಅದರ ಹಿಂದಿನ ವರ್ಷ ಜಪಾನಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಮರಿಯಾಗಿದ್ದಾಗ ಕುಡಿದ ಬ್ಯಾಕ್ಟೀರಿಯಾ ಹುಳದೊಳಗೆ ಹೆಚ್ಚುತ್ತಾ ಹೋಗಿ, ಅದು ದೊಡ್ಡದಾದ ಮೇಲೆ ರೋಗ ಚೆನ್ನಾಗಿ ಹರಡಿತು. ದೊಡ್ಡ ಹುಳ ಒಂದು ದಿನ ಕುಡಿದಾಗ ಹಾಗೆ ಹೆಚ್ಚಲಿಲ್ಲ.

ಅಂದರೆ ಇಬ್ಬರೂ "ಪಾಸಿಟಿವ್" ಆದರೂ ಒಬ್ಬ ಕಳ್ಳ, ಇನ್ನೊಬ್ಬ ದಾರಿಹೋಕ.

ಇದರ ಜೊತೆ ಇನ್ನೊಂದನ್ನು ಸೇರಿಸಿ. 2015ರಲ್ಲಿ ಪ್ರಕಟವಾದ ಕೆಲಸ ಒಂದು, ಚಿಗುರಿಗೆ ಹುಳ ಬ್ಯಾಕ್ಟೀರಿಯಾ ಬಿಟ್ಟ 10-15 ದಿನದಲ್ಲೇ ಆ ಚಿಗುರು ಬೇರೆ ಹುಳಕ್ಕೆ ರೋಗ ಕೊಡುವ ಹಾಗೆ ಆಗುತ್ತದೆ ಅಂತ ತೋರಿಸಿತು. ತಾಯಿ ಹುಳ ಎಳೆ ಚಿಗುರಿಗೆ ಬಂದು ಕೂರುತ್ತದೆ, ಹೀರುತ್ತಾ ಬ್ಯಾಕ್ಟೀರಿಯಾ ಬಿಡುತ್ತದೆ, ಅಲ್ಲೇ ಮೊಟ್ಟೆ ಇಡುತ್ತದೆ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆ ಒಡೆದು ಮರಿ ರೆಕ್ಕೆಹುಳ ಆಗಲು ಎರಡು ಮೂರು ವಾರ ಬೇಕು. ಅಷ್ಟರಲ್ಲಿ ಅದು ಕುಡಿಯುತ್ತಿರುವ ಚಿಗುರೇ ರೋಗದ ಬಟ್ಟಲಾಗಿರುತ್ತದೆ. ಮಕ್ಕಳು ಬುತ್ತಿ ಕಟ್ಟಿಕೊಂಡು ಹಾರುತ್ತವೆ. ಮರಕ್ಕೆ ಇನ್ನೂ ಏನೂ ಆಗಿಲ್ಲ, ಎಲೆ ಹಚ್ಚ ಹಸಿರು. ಹಳದಿ ಮಚ್ಚೆ ಕಾಣಲು ತಿಂಗಳುಗಳು ಬೇಕು, ಕೆಲವೊಮ್ಮೆ ವರ್ಷ. ಬೇಲಿ ಹತ್ತಿರ ನಿಂತು ಕೇಳಿದ ಪ್ರಶ್ನೆಗೆ ಉತ್ತರ ಇದೇ. ಮರ ಹೇಳುವ ಮೊದಲೇ ಹುಳ ಹೇಳುತ್ತದೆ. ಫ್ಲಾರಿಡಾದಲ್ಲಿ 2008ರಲ್ಲೇ ಇದನ್ನು ಗಮನಿಸಿ, ಮರದಲ್ಲಿ ಲಕ್ಷಣ ಕಾಣುವ ಒಂದು ಅಥವಾ ಹೆಚ್ಚು ವರ್ಷ ಮೊದಲೇ ಹುಳದಲ್ಲಿ ಬ್ಯಾಕ್ಟೀರಿಯಾ ಸಿಗಬಹುದು ಅಂತ ಬರೆದಿದ್ದರು. ಆದರೂ ಅವರು ಉಳಿಯಲಿಲ್ಲ. ಅಲ್ಲಿ ಹುಳ ಕಂಡಿದ್ದು 1998ರಲ್ಲಿ, ರೋಗ 2005ರಲ್ಲಿ. 2003-04ರಲ್ಲಿ 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದ ರಾಜ್ಯ 2022-23ರಲ್ಲಿ 2 ಕೋಟಿ ಪೆಟ್ಟಿಗೆಯನ್ನೂ ಮುಟ್ಟಲಿಲ್ಲ. ಚಂಡಮಾರುತಗಳ ಪಾಲೂ ಅದರಲ್ಲಿದೆ, ಆದರೆ ಬೆನ್ನು ಮುರಿದದ್ದು ಗ್ರೀನಿಂಗ್.

ಬ್ಯಾಕ್ಟೀರಿಯಾದ ಜಾಣತನ ಇಲ್ಲಿಗೇ ನಿಲ್ಲುವುದಿಲ್ಲ. ರೋಗ ಬಂದ ಗಿಡ ಮೀಥೈಲ್ ಸ್ಯಾಲಿಸಿಲೇಟ್ ಅನ್ನೋ ವಾಸನೆಯನ್ನು ಜಾಸ್ತಿ ಬಿಡುತ್ತದೆ. ಮೈಕೈ ನೋವಿಗೆ ಹಚ್ಚುವ ಮುಲಾಮಿನ ವಾಸನೆ ಅದು. ಹುಳ ಆ ವಾಸನೆಗೆ ಮರುಳಾಗಿ ಮೊದಲು ರೋಗದ ಗಿಡಕ್ಕೇ ಬರುತ್ತದೆ, ಕೂತು ಹೀರಿ ರುಚಿ ಹಿಡಿಸದೆ ಆಮೇಲೆ ಒಳ್ಳೆ ಗಿಡಕ್ಕೆ ಹೋಗುತ್ತದೆ. ಚೀಲ ಕಟ್ಟಿ ಹುಳ ಕೂಡಿಹಾಕಿ ಮಾಡಿದ ಪ್ರಯೋಗದಲ್ಲಿ ಈ ಓಡಾಟ ಕಾಣಿಸುವುದೇ ಇಲ್ಲ. ಅಲ್ಲಿ ಬಂದ "ನೂರಕ್ಕೆ ಇಷ್ಟು" ಅನ್ನೋ ಅಂಕಿಯನ್ನು ಕಾಫಿ, ಮೆಣಸು, ಸಿಲ್ವರ್ ಮರದ ನಡುವೆ ಅಲ್ಲೊಂದು ಇಲ್ಲೊಂದು ಕಿತ್ತಳೆ ನಿಂತ ನಮ್ಮ ತೋಟಕ್ಕೆ ತಂದು ಹಾಗೇ ಅಂಟಿಸಲು ಆಗುವುದಿಲ್ಲ. ತಳಿ ಬೇರೆ, ನೆರಳು ಬೇರೆ, ಆಟಿ ತಿಂಗಳ ಮಳೆಯಂತೂ ಫ್ಲಾರಿಡಾದವರು ಕನಸಿನಲ್ಲೂ ಕಂಡಿರಲಿಕ್ಕಿಲ್ಲ. ಚೆಟ್ಟಳ್ಳಿಯಲ್ಲಿ ತೋಟಗಾರಿಕೆ ಸಂಶೋಧನಾ ಕೇಂದ್ರ ಇದೆ, ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ತೋಟದವರು ಅಲ್ಲಿಗೆ ಹೋದರೆ "ಯಾವ ಔಷಧಿ ಹೊಡೆಯಲಿ" ಅಂತ ಕೇಳುತ್ತೇವೆಯೇ ಹೊರತು, ನಮ್ಮ ನೆರಳಿನಲ್ಲಿ, ನಮ್ಮ ಚಿಗುರಿನ ಮೇಲೆ, ಮರಿಗಳಲ್ಲಿ ಎಷ್ಟಕ್ಕೆ ರೋಗ ಹತ್ತುತ್ತಿದೆ ಅಂತ ಕೇಳೋದಿಲ್ಲ. ಕೇಳಬೇಕಾದ್ದು ಅದೇ ಅಂತ ನನಗೆ ಅನ್ನಿಸುತ್ತದೆ.

ಯಾಕೆಂದರೆ ಔಷಧಿಯ ಲೆಕ್ಕವೂ ಇದರ ಮೇಲೇ ನಿಂತಿದೆ. ಎಲೆ ಹಳದಿಯಾದ ಮೇಲೆ ಡ್ರಮ್ಮು ಪಂಪು ಹೊರಿಸಿಕೊಂಡು ಹೊರಟರೆ ಅಷ್ಟರಲ್ಲಿ ಎಷ್ಟೋ ತಲೆಮಾರು ಹಾರಿಹೋಗಿರುತ್ತದೆ. ಕಾಫಿ ಮೆಣಸಿಗೆ ಹೊಡೆದ ಬೋರ್ಡೋ ಕಿತ್ತಳೆಗೂ ಆಯ್ತು ಅಂದುಕೊಳ್ಳೋರು ಇದ್ದಾರೆ, ಅದು ಶಿಲೀಂಧ್ರಕ್ಕೆ, ಈ ಹುಳಕ್ಕಲ್ಲ. ಗಮನ ಇಡಬೇಕಾದ್ದು ಹೂಮಳೆಯ ನಂತರದ ಚಿಗುರು ಮತ್ತು ಮಳೆಗಾಲ ಕಳೆದ ಮೇಲಿನ ಚಿಗುರಿನ ಮೇಲೆ, ಅದರಲ್ಲೂ ಮರಿಗಳ ಮೇಲೆ. ಟಮಾರಿಕ್ಸಿಯಾ ರೇಡಿಯಾಟಾ ಅಂತ ಒಂದು ಸಣ್ಣ ಕಣಜ ಇದೆ. ಇದನ್ನು ಮೊದಲು ಗುರುತಿಸಿದ್ದು ಅವಿಭಜಿತ ಪಂಜಾಬಿನಲ್ಲಿ, ಆಮೇಲೆ ಎಷ್ಟೋ ದೇಶಗಳು ಇದನ್ನು ತರಿಸಿಕೊಂಡವು. ಅದು ಮೊಟ್ಟೆ ಇಡೋದು ಸಿಲ್ಲಾ ಮರಿಯ ಹೊಟ್ಟೆಯ ಅಡಿಯಲ್ಲಿ. ಹತ್ತು ದೊಡ್ಡ ಹುಳ ಸಾಯೋದಕ್ಕಿಂತ ರೋಗದ ಚಿಗುರಿನ ಹತ್ತು ಮರಿ ಸಾಯೋದು ನಮಗೆ ಲಾಭ, ಕಣಜ ಮಾಡೋದು ಅದನ್ನೇ. ಕಂಡಕಂಡಾಗ ಔಷಧಿ ಹೊಡೆದರೆ ಮೊದಲು ಸಾಯೋದು ಈ ಕಣಜ.

ಸಂಪಾಜೆ ಕಡೆಯ ಅಡಿಕೆ ತೋಟದವರು ಇದನ್ನು ಓದುತ್ತಿದ್ದರೆ ಅವರಿಗೆ ಹೊಟ್ಟೆ ಉರಿಯಬಹುದು. ಅವರ ಹಳದಿ ಎಲೆ ರೋಗಕ್ಕೆ ಕಾರಣ ಫೈಟೊಪ್ಲಾಸ್ಮಾ, ಕೋಶಗೋಡೆ ಇಲ್ಲದ ಒಂದು ಥರದ ಬ್ಯಾಕ್ಟೀರಿಯಾ. ಅದೂ ಸಕ್ಕರೆ ನಾಳದಲ್ಲೇ ಇರೋದು, ಅದನ್ನೂ ಜಿಗಿಹುಳ ಹೊರುತ್ತದೆ. ಆದರೆ ಕಿತ್ತಳೆಯ ಸಣ್ಣ ಗಿಡವನ್ನು ಕುಂಡದಲ್ಲಿಟ್ಟು ಚೀಲ ಕಟ್ಟಬಹುದು, ಅಡಿಕೆ ಮರಕ್ಕೆ ಏನು ಕಟ್ಟೋದು? ಸಸಿಯಲ್ಲಿ ಲಕ್ಷಣ ಕಾಣಲು ವರ್ಷಗಟ್ಟಲೆ ಕಾಯಬೇಕು. ಅಲ್ಲಿ ಅಳತೆ ಇನ್ನೂ ಕಷ್ಟ.

ಬೇಲಿಯ ಆಚೆಯವರಿಗೆ ಇಷ್ಟೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, "ಹಾಗಾದ್ರೆ ನಿಮ್ಮ ಅಡುಗೆಮನೆ ಹಿಂದಿನ ಕರಿಬೇವು ಕಡೀರಿ, ಹುಳ ಅಲ್ಲಿಂದಲೇ ಬರ್ತಿರೋದು" ಅಂದರು. ಅರ್ಧ ನಿಜ. ಅಲ್ಲಿ ಹುಟ್ಟೋ ಹುಳಕ್ಕೆ ಸಾಮಾನ್ಯವಾಗಿ ರೋಗ ಇರೋದಿಲ್ಲ, ಆದರೆ ಹೊಸ ಹುಳ ಹಾರಿ ಕಿತ್ತಳೆಯ ಚಿಗುರಿಗೆ ಬಂದು ಮೊಟ್ಟೆ ಇಟ್ಟರೆ ಆ ಮರಿಗಳಿಗೆ ಹತ್ತಬಹುದು. ಅಮ್ಮನ ಹತ್ತಿರ ಕಡಿಯೋ ಮಾತು ತೆಗೆದೆ. "ನಿನ್ನ ಕಿತ್ತಳೆ ಮರ ಕಡಿ ಬೇಕಾದ್ರೆ" ಅಂದರು. ಈಗ ಒಂದು ಒಪ್ಪಂದ ಆಗಿದೆ. ಕರಿಬೇವು ಇರುತ್ತದೆ, ಆದರೆ ಎಳೆ ಕುಡಿ ಬಂದ ಕೂಡಲೇ ಚಿವುಟಬೇಕು, ಸಿಲ್ಲಾ ಮೊಟ್ಟೆ ಇಡೋದು ಅಲ್ಲೇ ತಾನೆ. ಮೂರು ವಾರದಿಂದ ನಮ್ಮ ಮನೆಯಲ್ಲಿ ಬೆಳಿಗ್ಗೆ ಕರಿಬೇವಿನ ಚಟ್ನಿ, ಸಂಜೆ ಕರಿಬೇವಿನ ಚಟ್ನಿಪುಡಿ.